ಕಂಪ್ಯೂಟರ್ ತೆರೆಯುತ್ತಲೇ ನಿಂತರೆ?

ಸೋದರಿಯರೇ, ಮನೆಯ ಕಂಪ್ಯೂಟರ್ ಶುರುವಾಗುತ್ತಲೇ ಆರಿಹೋದರೆ ಗಾಬರಿಯಾಗಬೇಡ್ರಿ. ಮೊದಲು ಪೆನ್‌ಡ್ರೈವ್, ಪ್ರಿಂಟರ್ ತೆಗೆದು ನೋಡ್ರಿ. ವಿಂಡೋಸ್ ಗುರುತು ಮೂಡುವ ಮುಂಚೆಯೇ ನಿಂತರೆ ದೋಷ ಬಹುಶಃ ಯಂತ್ರದ್ದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರೆಮಣ್ಣಿನ ಧೂಳು ಒಳಗಿನ ರ‍್ಯಾಮ್ ಪಟ್ಟಿಗೆ ಕೂತಿರಬಹುದು. ತಿಳಿದವರಿಂದ ಬಿಚ್ಚಿಸಿ ಒರೆಸಿಸಿರಿ.

ಗುರುತು ಮೂಡಿ ನಿಂತರೆ? ವಿಂಡೋಸ್ 10, 11ರಲ್ಲಿ ಎರಡು-ಮೂರು ಸಲ ಹೀಗಾದ ಮೇಲೆ ಸಾಮಾನ್ಯವಾಗಿ ರಿಪೇರಿಯ ಪರದೆ ತಾನೇ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿದರೆ ಸೇಫ್ ಮೋಡ್. ತೆರೆದರೆ ಮದುವೆ ಫೋಟೋ, ಮಕ್ಕಳ ಕಾಗದಪತ್ರ ತಕ್ಷಣ ಪೆನ್‌ಡ್ರೈವ್‌ಗೆ ಇಳಿಸಿಕೊಳ್ರಿ.

“ಫಾರ್ಮ್ಯಾಟ್ ಮಾಡಿಬಿಡೂಣ್ರಿ” ಅನ್ನೋ ಮೆಕ್ಯಾನಿಕ್‌ಗೆ ಅಲ್ಲಿವರೆಗೆ ಹೂಂ ಅನ್ನಬೇಡ್ರಿ. ಡೆಸ್ಕ್‌ಟಾಪ್ ಮೇಲಿನದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರೋದು, ಅದೂ ಅಳಿಸಿಹೋಗುತ್ತದೆ.