ಮಳಗಿಯ ಮಳೆ, ಮೂರನೇ ತರಗತಿಯ ವಿಜ್ಞಾನ

ಮುಂಡಗೋಡ ತಾಲ್ಲೂಕಿನ ಮಳಗಿಯಲ್ಲಿ ಧರ್ಮಾ ಜಲಾಶಯವಿದೆ. ಅದರ ನೀರು ಕಾಲುವೆ ಹಿಡಿದು ಪಕ್ಕದ ಹಾನಗಲ್ಲ ತಾಲ್ಲೂಕಿನ ಹೊಲಗದ್ದೆಗಳಿಗೆ ಹೋಗುತ್ತದೆ. ಧರ್ಮಾ ಹೊಳೆ ವರದೆಯನ್ನು, ವರದೆ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ತಲುಪುತ್ತವೆ. ಅತ್ತ ಯಲ್ಲಾಪುರದ ಕಡೆ ಸುರಿದ ಮಳೆ ಬೇಡ್ತಿಗೆ ಇಳಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಮುಂಗಾರಿನ ನೀರು ಎರಡು ಕಡಲುಗಳಿಗೆ ಹಂಚಿಹೋಗುವ ಸೀಮೆ ಇದು. ಇಲ್ಲಿನ ಮಗು ‘ನೀರಿನ ಮೂಲಗಳು ಯಾವುವು?’ ಎಂಬ ಪ್ರಶ್ನೆಗೆ ‘ಕೆರೆ, ಬಾವಿ, ನದಿ’ ಎಂದು ಬರೆದು ಪೂರ್ತಿ ಅಂಕ ಪಡೆದರೆ, ಅದು ವಿಜ್ಞಾನ ಕಲಿತಿದೆ ಎನ್ನಲಾಗದು.

ನಮ್ಮ ಶಾಲೆಗಳಲ್ಲಿ ಐದನೇ ತರಗತಿಯವರೆಗೆ ಇರುವುದು ಪರಿಸರ ಅಧ್ಯಯನ. ವಿಜ್ಞಾನ ಬೇರೆ ವಿಷಯವಾಗಿ ಬರುವುದು ಆಮೇಲೆ. ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ಆದರೆ ‘ಅಲ್ಲಿಯವರೆಗೆ ಹೆಸರು ಕಲಿತರೆ ಸಾಕು, ಪ್ರಯೋಗ ದೊಡ್ಡ ಮಕ್ಕಳಿಗೆ’ ಎಂಬ ತಿಳಿವಳಿಕೆ ಅದರ ಬೆನ್ನಿಗೇ ಬೆಳೆದುಬಿಟ್ಟಿದೆ. ಆಗಬೇಕಾದದ್ದು ಇದಕ್ಕೆ ಉಲ್ಟಾ. ಏಳೆಂಟು ವರ್ಷದ ಮಗುವಿಗೆ ವ್ಯಾಖ್ಯೆ ದಕ್ಕುವುದಿಲ್ಲ. ಅಳೆಯುವುದು, ಹೋಲಿಸುವುದು, ಬರೆದಿಡುವುದು, ‘ಹಾಗಲ್ಲ’ ಎಂದು ವಾದಿಸುವುದು ಚೆನ್ನಾಗಿ ದಕ್ಕುತ್ತವೆ.

ಮಳೆಯನ್ನೇ ತೆಗೆದುಕೊಳ್ಳೋಣ. ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಮೇಷ್ಟ್ರು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಬಾಯಿಗೆ ಕೂರಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಆದ್ದರಿಂದ ಒಂದಷ್ಟು ಹರಳುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ. ಇಂಥದ್ದೊಂದನ್ನು ಬಯಲಲ್ಲಿಟ್ಟು, ಇನ್ನೊಂದನ್ನು ಮಾವಿನ ಮರದಡಿ ಇಟ್ಟರೆ ಮರುದಿನ ಎರಡರ ಲೆಕ್ಕವೂ ಬೇರೆ ಬೇರೆ. ಯಾರದು ಸರಿ ಎಂಬ ಜಗಳ ತಾನಾಗಿಯೇ ಏಳುತ್ತದೆ, ಮೇಷ್ಟ್ರು ಅದನ್ನು ಬೇಗ ಬಗೆಹರಿಸಬಾರದು. ದಿನದ ಲೆಕ್ಕ ಬರೆದು ನೀರನ್ನು ಸೊನ್ನೆಯ ಗೆರೆಗೆ ತಂದಿಟ್ಟ ಮೇಲೆ, ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಕಾದರೆ ಅದು ಸೊನ್ನೆಗಿಂತಲೂ ಕೆಳಗೆ ಇಳಿದಿರುತ್ತದೆ. ‘ಯಾರು ಚೆಲ್ಲಿದರು?’ ಎಂದು ಮಕ್ಕಳು ಒಬ್ಬರನ್ನೊಬ್ಬರು ಕೇಳುವ ಆ ಹೊತ್ತೇ ಆವಿಯಾಗುವಿಕೆಯ ಪಾಠಕ್ಕೆ ತಕ್ಕ ಹೊತ್ತು.

ಇದೇ ಕೆಲಸವನ್ನು ಒಂದನೇ ತರಗತಿಗೆ ಕೊಟ್ಟರೆ ಕೆಡುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟಂತೆ, ಅಗಲ ಪಾತ್ರೆಯ ನೀರನ್ನು ಕಣ್ಣೆದುರೇ ಉದ್ದನೆಯ ಲೋಟಕ್ಕೆ ಸುರಿದರೂ ಐದಾರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಲೋಟದಲ್ಲೇ ನೀರು ಜಾಸ್ತಿ ಎನ್ನುತ್ತಾರೆ. ಅವರಿಗೆ ಮಿಲಿಮೀಟರ್ ಬೇಡ. ಅಂಗಳದಲ್ಲಿ ಮಣ್ಣಿನ ದಿಬ್ಬ ಮಾಡಿ, ನೆತ್ತಿಯ ಮೇಲೆ ಒಂದು ಚೊಂಬು ನೀರು ಹೊಯ್ದು, ಅದು ಎತ್ತೆತ್ತ ಹರಿಯಿತೆಂದು ನೋಡಿದರೆ ಸಾಕು. ಧರ್ಮಾ ಒಂದು ಕಡೆಗೆ, ಬೇಡ್ತಿ ಇನ್ನೊಂದು ಕಡೆಗೆ ಏಕೆ ಹರಿಯುತ್ತವೆ ಎಂಬುದಕ್ಕೆ ಬೇಕಾದದ್ದೆಲ್ಲ ಆ ದಿಬ್ಬದಲ್ಲಿದೆ. ವಯಸ್ಸಿಗೆ ತಕ್ಕ ವಿಜ್ಞಾನ ಎಂದರೆ ಇದು; ದೊಡ್ಡವರ ಪಾಠವನ್ನು ಚಿಕ್ಕದು ಮಾಡಿ ಕೊಡುವುದಲ್ಲ.

ತಂತ್ರಜ್ಞಾನದ ಮಾತು ಬಂದರೆ ಪಾಲಕರೂ ಶಾಲೆಯೂ ಕಂಪ್ಯೂಟರಿನ ಕಡೆ ನೋಡುತ್ತಾರೆ. ಕಂಪ್ಯೂಟರ್ ಬರಲಿ. ಆದರೆ ಕಾಲುವೆಯ ತೂಬು, ಶಾಲೆಯ ಬೋರ್‌ವೆಲ್‌ನ ಕೈಪಂಪು, ಸೈಕಲ್ಲಿನ ಚೈನು ಕೂಡ ತಂತ್ರಜ್ಞಾನವೇ. ಜೋಯಿಡಾದ ಸೂಪಾದಲ್ಲಿ ನಿಂತ ಕಾಳಿಯ ನೀರಿನಿಂದ ನಾಗಝರಿಯಲ್ಲಿ ವಿದ್ಯುತ್ ತಯಾರಾಗುತ್ತದೆ. ಆ ಸೀಮೆಯ ಮಗುವಿನ ಕೈಗೆ ಗಡಿಯಾರದ ಸೆಲ್ ಎರಡು, ಬಿಳಿ ಎಲ್‌ಇಡಿ ಒಂದು, ತುಂಡು ವೈರ್ ಕೊಟ್ಟು ನೋಡಬೇಕು. ಒಂದು ಸೆಲ್ಲಿಗೆ ಅದು ಹೊತ್ತುವುದಿಲ್ಲ. ಎರಡನ್ನು ಸಾಲಾಗಿ ಜೋಡಿಸಿದರೆ ಹೊತ್ತುತ್ತದೆ, ಎಲ್‌ಇಡಿಯ ಕಾಲು ಅದಲುಬದಲಾದರೆ ಮತ್ತೆ ಕತ್ತಲೆ. ಏಕೆಂಬ ಉತ್ತರಕ್ಕೆ ಇನ್ನೂ ಕೆಲವು ವರ್ಷ ಕಾಯಬಹುದು. ಹೀಗಾಗುತ್ತದೆ ಎಂದು ಕಂಡುಕೊಂಡ ಖುಷಿ ಕಾಯಬೇಕಿಲ್ಲ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಕೈ ಹೋಗಕೂಡದು, ಈ ಎಚ್ಚರವೂ ಪಾಠದ ಭಾಗವೇ.

ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಹೀಗೆ ಮಾಡಿ ಕಲಿಯುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ತರಗತಿಗೆ ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಬರುತ್ತಾರೆ. ಸಿದ್ದಿ, ಗೌಳಿ, ಕುಣಬಿ ಮನೆಗಳ ಮಕ್ಕಳಿದ್ದಾರೆ. ಪುಸ್ತಕದ ಕನ್ನಡ ನಾಲಿಗೆಗೆ ಕೂರುವ ಮೊದಲೇ ಅವರು ಕೈಯಿಂದ ವಿಜ್ಞಾನ ಮಾಡಬಲ್ಲರು.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲೂ ಒಂದು ಪಾಠವಿದೆ. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಭೌತವಿಜ್ಞಾನ, ಜೀವವಿಜ್ಞಾನ ಓದುತ್ತಾರೆ. ಅವರದು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆದು, ಎದುರು ಕೂತವನಿಂದ ಉತ್ತರ ಹೊರಡಿಸುವ ಹಳೆಯ ವಾದಪದ್ಧತಿ. ಪ್ರಶ್ನೆ ಕೇಳುವುದು ಅಲ್ಲಿ ಉದ್ಧಟತನವಲ್ಲ, ಅದೇ ವಿದ್ಯೆ. ಅದೇ ತಾಲ್ಲೂಕಿನ ಎಂಟು ವರ್ಷದವರಿಗೂ ಆ ಸಲಿಗೆ ಸಿಗಬೇಕು.

ಮಾಹಿತಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ ವಿಶ್ವಕೋಶದ ಮೂರು ಸಂಪುಟಗಳನ್ನು ಮಕ್ಕಳ ಕೈಗಿಟ್ಟರು. ಮಳೆ ಅಳೆದ ಮಗು ಮೋಡದ ಪುಟವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.

ಅಡ್ಡಿ ಇರುವುದು ಮಕ್ಕಳಲ್ಲಿ ಅಲ್ಲ, ವೇಳೆಯಲ್ಲಿ ಮತ್ತು ಪರೀಕ್ಷೆಯಲ್ಲಿ. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಿಕೊಳ್ಳುವ ಕಾಡಂಚಿನ ಶಾಲೆಯಲ್ಲಿ ಪ್ರಯೋಗ ಮಾಡಿಸಿ ಎನ್ನುವುದು ಸುಲಭ, ಮಾಡಿಸುವುದು ಕಷ್ಟ. ಆದರೂ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ಕಟ್ಟಿದ ನಲಿ-ಕಲಿ ಹುಟ್ಟಿದ್ದೇ ಬಹುವರ್ಗ ಬೋಧನೆಗಾಗಿ. ಗುಂಪಾಗಿ ಕೂತು ತಾವೇ ಕಲಿಯುವ ರೂಢಿಯನ್ನು ಅದು ಕನ್ನಡ ಶಾಲೆಗಳಿಗೆ ಆಗಲೇ ತಂದಿದೆ. ಪರೀಕ್ಷೆಗೆ ಮಧ್ಯಪ್ರದೇಶದ ಹೋಶಂಗಾಬಾದ್ ದಾರಿ ತೋರಿಸಿತ್ತು. ಅಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುತ್ತಿದ್ದರು, ಪ್ರಯೋಗ ಮಾಡಿಯೂ ತೋರಿಸುತ್ತಿದ್ದರು. ಮಳಗಿಯಂಥ ಊರಿನ ನಾಲ್ಕನೇ ತರಗತಿಯಲ್ಲಿ ಇದನ್ನೇ ಸಣ್ಣದಾಗಿ ಮಾಡಬಹುದು: ಜೂನ್, ಜುಲೈ, ಆಗಸ್ಟಿನ ಮಳೆಯ ಪಟ್ಟಿಯನ್ನು ಮಕ್ಕಳು ತಮ್ಮ ನೋಟ್‌ಬುಕ್ಕಿನಿಂದಲೇ ತೆಗೆದು, ಯಾವ ವಾರ ಹೆಚ್ಚು ಸುರಿಯಿತು, ಜಲಾಶಯ ಯಾವಾಗ ತುಂಬಿತು, ನಡುವೆ ಎಷ್ಟು ದಿನ ಅಂತರವಿತ್ತು ಎಂದು ಬರೆಯಲಿ. ಕ್ಲಸ್ಟರ್ ಮಟ್ಟದ ಶಿಕ್ಷಕರ ಸಭೆಯಲ್ಲಿ ಸುತ್ತಲಿನ ಶಾಲೆಗಳ ಪಟ್ಟಿಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ, ಮೇಷ್ಟ್ರುಗಳಿಗೂ ಮಾತಾಡಲು ವಿಷಯ ಸಿಗುತ್ತದೆ.