ಗೋಡೆಯ ಹಲಗೆಯೂ ಮನೆಯ ನುಡಿಯೂ

ಪೋಷಕರ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆಯು ಮತ್ತೆ ಮತ್ತೆ ಕೇಳಿಬರುತ್ತಿರುವುದು. ಪಟ್ಟಣದ ದೊಡ್ಡ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದ ಪರದೇಶದ ಭಾಷೆಗಳನ್ನು ಕಲಿಸುತ್ತಾರಷ್ಟೆ. ನಮ್ಮ ತರಗತಿಯ ಗೋಡೆಗೂ ಈಗ ಸ್ಮಾರ್ಟ್ ಬೋರ್ಡ್ ಬಂದಿರಲಾಗಿ, ಉಪಾಧ್ಯಾಯಿನಿಯು ದೊರೆಯದಿದ್ದರೂ ಆ ಹಲಗೆಯ ಮೂಲಕವೇ ನಮ್ಮ ಬಾಲಿಕೆಯರಿಗೆ ಸ್ಪ್ಯಾನಿಷ್ ಕಲಿಸಬಾರದೇಕೆ? ಹೀಗೆ ಕೇಳುವವರಲ್ಲಿ ಬಂಟ್ವಾಳದ ಅಂಗಡಿಯವರುಂಟು, ಬೆಳ್ತಂಗಡಿಯ ತೋಟದವರುಂಟು, ಮೂಡಬಿದಿರೆಯಿಂದ ದಿನವೂ ಬಸ್ಸಿನಲ್ಲಿ ಮಗಳನ್ನು ಕಳುಹಿಸುವ ತಾಯಂದಿರೂ ಉಂಟು. ಸಭೆಯ ಗದ್ದಲದಲ್ಲಿ ಎರಡು ಮಾತಿನಲ್ಲಿ ಮುಗಿಸತಕ್ಕ ವಿಷಯವು ಇದಲ್ಲವಾದುದರಿಂದ, ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಮನಸ್ಸು ಮಾಡಿರುವೆವು.

ಪ್ರಶ್ನೆಯು ಅವಿವೇಕದ್ದೆಂದು ನಾವು ಎಂದಿಗೂ ಹೇಳುವವರಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢ ಹಂತದಲ್ಲಿ ಕಲಿಸಬಹುದಾದ ಪರದೇಶದ ಭಾಷೆಗಳ ಸಾಲಿನಲ್ಲಿ ಸ್ಪ್ಯಾನಿಷ್ ಭಾಷೆಯ ಹೆಸರನ್ನೂ ಹೇಳಿದೆ. ಸುಮಾರು 20 ರಾಷ್ಟ್ರಗಳಲ್ಲಿ ಅದು ರಾಜ್ಯಭಾಷೆಯಾಗಿರುವುದು. ಕನ್ನಡವನ್ನೂ ತುಳುವನ್ನೂ ಬಲ್ಲ ಹುಡುಗಿಗೆ ಅದು ಬಹಳ ಕಠಿಣವೂ ಆಗಲಾರದು. ನಮ್ಮಲ್ಲಿ 'ಬರುತ್ತೇನೆ' ಎಂದರೆ ಸಾಕು, ಬರುವವರು ಯಾರೆಂಬುದು ಕ್ರಿಯಾಪದದ ಬಾಲದಿಂದಲೇ ತಿಳಿಯುವುದು, ಅಲ್ಲಿಯೂ ಹಾಗೆಯೇ. ಅವರ ಅಕ್ಷರಮಾಲೆಯಲ್ಲಿ ತಲೆಯ ಮೇಲೆ ಗೆರೆಯೆಳೆದ ಒಂದು ವಿಶೇಷ ನಕಾರವುಂಟು. ಇಂಗ್ಲಿಷ್ ಮಾತ್ರ ಬಲ್ಲವರು ಅದರ ಮುಂದೆ ತೊದಲುವರು. ನಮ್ಮ ಮಕ್ಕಳಿಗೆ ಅದು ಹಳೆಯ ಪರಿಚಯದ ಞಕಾರವೇ.

ಸಂಸ್ಕೃತಿಯ ಪಾಠವಂತೂ ಅಡುಗೆಮನೆಯಿಂದಲೇ ಆರಂಭವಾಗಬಹುದು. ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆ ಹೇಳಿಕೊಟ್ಟರಷ್ಟೆ. ಕೋರಿ ರೊಟ್ಟಿಯ ಸಾರಿಗೆ ಬಣ್ಣ ಕೊಡುವ ಮೆಣಸು, ಗುಡ್ಡದ ಗೇರು, ಹಿತ್ತಿಲಿನ ಪಪ್ಪಾಯಿ, ಅನಾನಸು, ಟೊಮೇಟೊ, ಇವೆಲ್ಲವೂ ಅಮೇರಿಕಾ ಖಂಡದಿಂದ ಸಮುದ್ರ ದಾಟಿ ಬಂದವುಗಳು. ಪಶ್ಚಿಮ ಕರಾವಳಿಗೆ ಅವು ತಲಪಿದ್ದು ಪೋರ್ತುಗೀಸರ ಹಡಗುಗಳ ಮೂಲಕವಾಗಿಯೇ. ಸ್ಪ್ಯಾನಿಷಿಗೆ ಒಡಹುಟ್ಟಿದ ಅವರ ಭಾಷೆಯಿಂದ ಪಾದ್ರಿ, ಇಗರ್ಜಿ, ಚಾವಿ, ಜನೆಲು, ಬಟಾಟೆ ಎಂಬ ಮಾತುಗಳು ನಮ್ಮ ಕರಾವಳಿಯ ಮನೆಗಳಲ್ಲಿ ಎಷ್ಟೋ ತಲೆಮಾರುಗಳಿಂದ ಬಳಕೆಯಲ್ಲಿವೆ. ಇದನ್ನು ಭೂಪಟದೊಡನೆ ಹಲಗೆಯ ಮೇಲೆ ತೋರಿಸಿದರೆ ಒಂದು ಗಂಟೆಯು ಕಳೆದುದೇ ತಿಳಿಯದು.

ಆದರೆ ಉಪಾಧ್ಯಾಯಿನಿ ಇಲ್ಲದೆ ಹಲಗೆಯೇ ಭಾಷೆಯನ್ನು ಕಲಿಸಲಿ ಎಂಬ ಮಾತಿಗೆ ನಾವು ಒಪ್ಪಲಾರೆವು. ಸ್ಪ್ಯಾನಿಷ್ ಭಾಷೆಯಲ್ಲಿ 'ಪೆರೊ' ಎಂದರೆ 'ಆದರೆ'. ರಕಾರವನ್ನು ಒತ್ತಿ ಉರುಳಿಸಿ 'ಪೆರ್ರೊ' ಎಂದರೆ ನಾಯಿ. ಯಂತ್ರವು ಎರಡನ್ನೂ ಸ್ಪಷ್ಟವಾಗಿ ಉಚ್ಚರಿಸಿ ತೋರಿಸುವುದು, ನೂರು ಸಲ ಕೇಳಿದರೂ ಬೇಸರಿಸದು. ಇದು ಅದರ ದೊಡ್ಡ ಗುಣ. ನಲುವತ್ತು ಮಂದಿ ಬಾಲಿಕೆಯರು ಒಟ್ಟಾಗಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ನಾಚಿಕೆಯಿಂದ ತುಟಿ ಮಾತ್ರ ಅಲ್ಲಾಡಿಸುತ್ತಿರುವ ಮಗುವನ್ನು ಅದು ಕಾಣುವುದೇ? ಭಾಷೆಯೆಂಬುದು ಒಬ್ಬರು ಕೇಳಿ ಇನ್ನೊಬ್ಬರು ಉತ್ತರ ಕೊಡುವುದರಿಂದ ಬರುವಂಥದು. ಬಂಟ್ವಾಳದ ಪೇಟೆಯಲ್ಲಾಗಲಿ ಬಿ.ಸಿ. ರೋಡಿನ ಬಸ್ಸು ನಿಲ್ದಾಣದಲ್ಲಾಗಲಿ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುವವರನ್ನು ನಾವು ಎಲ್ಲಿಂದ ತರೋಣ? ಅಲ್ಲಿ ಯಂತ್ರವು ಮಾತನಾಡುವ ಮನುಷ್ಯನ ಸ್ಥಾನವನ್ನೇ ತುಂಬಬೇಕಾಗುವುದು. ಅಷ್ಟು ದೊಡ್ಡ ಭಾರವನ್ನು ಅದರ ಮೇಲೆ ಹೊರಿಸುವುದು ಸರಿಯಲ್ಲ.

ಇದೇ ಹಲಗೆಯು ತನ್ನ ಶಕ್ತಿಗೆ ತಕ್ಕ ಕೆಲಸವನ್ನು ಚೆನ್ನಾಗಿ ಮಾಡಬಲ್ಲ ಭಾಷೆಯೊಂದು ನಮ್ಮ ಶಾಲೆಯ ಆವರಣದಲ್ಲಿಯೇ ಇದೆ. ಅದು ತುಳು. 2011ರ ಜನಗಣತಿಯಲ್ಲಿ 18,46,427 ಮಂದಿ ತಮ್ಮ ಮಾತೃಭಾಷೆ ತುಳುವೆಂದು ಬರೆಯಿಸಿದ್ದಾರೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಅದಕ್ಕೆ ಸ್ಥಾನವಿಲ್ಲದಿದ್ದರೂ, 2010ರಿಂದೀಚೆಗೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಅದನ್ನು ಆರಿಸಿಕೊಳ್ಳಲು ಅವಕಾಶವಾಯಿತು. 2014-15ನೇ ಸಾಲಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮೊದಲ ಬಾರಿಗೆ ತುಳು ಪತ್ರಿಕೆಯನ್ನು ಬರೆದವರು ಕೇವಲ 18 ಮಂದಿ. ಆ ಬಳಿಕ ಸಂಖ್ಯೆಯು ಏರಿತಾದರೂ, ನಮ್ಮ ಪೋಷಕರಲ್ಲಿ ಹೆಚ್ಚಿನವರು ಇನ್ನೂ ಹಿಂದೆಮುಂದೆ ನೋಡುತ್ತಾರೆ. ಮನೆಯಲ್ಲಿ ಆಡುವ ಮಾತನ್ನು ಶಾಲೆಯಲ್ಲಿ ಕಲಿಯುವುದೇನಿದೆ ಎಂಬುದು ಅವರ ಮೊದಲನೆಯ ಮಾತು.

ಮನೆಯಲ್ಲಿ ಆಡುವ ಮಾತು ಎಂಬುದೇ ಈಗ ಸಂದೇಹಾಸ್ಪದವಾಗಿದೆ. ಅಜ್ಜಿಯು ತುಳುವಿನಲ್ಲಿ ಕೇಳುವಳು, ಮೊಮ್ಮಗಳು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಕೊಡುವಳು. ತಾಯಿಯು ನಡುವೆ ದುಭಾಷಿಯಾಗಿ ನಿಲ್ಲುವಳು. ಇಂಥ ಮನೆಗಳು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೇ ಎಷ್ಟಿಲ್ಲ! ಶಾಲೆಯ ಅಂಗಳದಲ್ಲಿ ತುಳು ಆಡಿದರೆ ದಂಡ ತೆರಬೇಕೆಂಬ ನಿಯಮವು ಹಲವು ಕಡೆಗಳಲ್ಲಿ ಇದ್ದುದನ್ನು ಈ ಪುಟಗಳನ್ನೋದುವ ಅನೇಕರು ಬಲ್ಲರು. ದಂಡ ತೆತ್ತ ಮಕ್ಕಳು ಬೆಳೆದು ತಾಯಂದಿರಾದ ಮೇಲೆ ತಮ್ಮ ಮಕ್ಕಳೊಡನೆ ಆ ಮಾತನ್ನು ಆಡಲು ಹಿಂಜರಿದರೆ ಆಶ್ಚರ್ಯವೇನಿದೆ?

ಯಂತ್ರವು ಇಲ್ಲಿ ಯಾವ ಕೆಲಸಕ್ಕೆ ಬರುವುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಸುವೆವು. 'ಯಾನ್ ಬರ್ಪೆ', 'ಆಯೆ ಬರ್ಪೆ' ಎಂಬ ಎರಡು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕ್ರಿಯಾಪದವು ಒಂದೇ ಆಗಿ ತೋರುವುದು. ಕಿವಿಗೆ ಅವು ಬೇರೆಬೇರೆ: 'ನಾನು ಬರುವೆನು' ಎಂಬಲ್ಲಿ ಕೊನೆಯ ಸ್ವರಕ್ಕೆ ಬಾಯಿ ಅಗಲವಾಗಿ ತೆರೆಯುವುದು, 'ಅವನು ಬರುವನು' ಎಂಬಲ್ಲಿ ಅಷ್ಟು ತೆರೆಯದು. ಪಾಠಪುಸ್ತಕದ ಪುಟವು ಇದನ್ನು ತೋರಿಸಲಾರದು, ಧ್ವನಿಮುದ್ರಣವು ತೋರಿಸುವುದು. ಮತ್ತೊಂದು: 'ತಲೆ' ಎಂಬುದಕ್ಕೆ ಸಾಮಾನ್ಯ ತುಳುವಿನಲ್ಲಿ 'ತರೆ' ಎನ್ನುವರು, ಜೈನರ ಮಾತಿನಲ್ಲಿ ಅದು 'ಹರೆ'. 'ಸಾದಿ' ಎಂಬ ದಾರಿಯು ಅಲ್ಲಿ 'ಹಾದಿ'ಯಾಗುವುದು. ಸಾವಿರ ಕಂಬದ ಬಸದಿಯ ಊರಾದ ಮೂಡಬಿದಿರೆಯ ಕಡೆಯ ಹುಡುಗಿಯೂ ಬೆಳ್ತಂಗಡಿಯ ಘಟ್ಟದ ಬುಡದ ಹುಡುಗಿಯೂ ಒಂದೇ ಬೆಂಚಿನಲ್ಲಿ ಕುಳಿತಿರುವಾಗ, ಇಬ್ಬರ ಅಜ್ಜಿಯರ ಧ್ವನಿಯನ್ನೂ ಮೊಬೈಲಿನಲ್ಲಿ ತುಂಬಿಸಿ ತಂದು ಹಲಗೆಯ ಮೂಲಕ ತರಗತಿಗೆ ಕೇಳಿಸಿದರೆ, ಯಾವುದು ಶುದ್ಧ ಯಾವುದು ಅಶುದ್ಧ ಎಂಬ ಜಗಳವು ತಾನಾಗಿಯೇ ಅಡಗುವುದು. ನಮ್ಮ ತುಳು ಪಾಠದ ಉಪಾಧ್ಯಾಯಿನಿಯು ಇದನ್ನು ಮಾಡಿಸುತ್ತಿದ್ದಾರೆ. ಒಂದು ಮಾತನ್ನು ಆಡಿದವರು ಯಾರು, ಯಾವ ಊರಿನವರು, ಎಷ್ಟು ವಯಸ್ಸಿನವರು ಎಂದು ಮಕ್ಕಳು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಅರ್ಥ ತಿಳಿಯದ ಮಾತಿಗೆ ಮತ್ತೆ ಅಜ್ಜಿಯ ಬಳಿಗೇ ಹೋಗಬೇಕು. ಯಂತ್ರವು ಮಗುವನ್ನು ಮನುಷ್ಯರ ಕಡೆಗೆ ಕಳುಹಿಸುವುದು ಇಂಥಲ್ಲಿ ಮಾತ್ರವೆಂದು ನಮ್ಮ ಅನುಭವ.

ಈ ಕ್ರಮವು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜನರ ಬಾಯಿಂದಲೇ ತುಳುವನ್ನು ಕೇಳಿ ಕಲಿತರು. ಅಂದಿನ ಹೊಸ ಯಂತ್ರವೆಂದರೆ 1841ರಲ್ಲಿ ಅವರು ಸ್ಥಾಪಿಸಿದ ಮುದ್ರಣಾಲಯ. ಅಲ್ಲಿಂದ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣವೂ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟೂ ಹೊರಟವು. ಮುದ್ರಣ ಯಂತ್ರವು ಬಂದಿತೆಂದು ಅವರು ಜನರನ್ನು ಕೇಳುವುದನ್ನು ಬಿಡಲಿಲ್ಲ.

ಬೆಳ್ತಂಗಡಿ ತಾಲೂಕಿನ ನಮ್ಮ ವಿದ್ಯಾರ್ಥಿನಿಯರು ಹೆಮ್ಮೆಪಡಬೇಕಾದ ಇನ್ನೊಂದು ಸಂಗತಿಯು ಇನ್ನೂ ಹತ್ತಿರದ್ದು. ಅದೇ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು, ನಮ್ಮ ನಾಡಿನ ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಕಾರದಿಂದ, ಹಲವು ದಿನಗಳವರೆಗೆ ಕುಳಿತು ಧ್ವನಿಮುದ್ರಿಸಿ ಚಿತ್ರೀಕರಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯವು 1998ರಲ್ಲಿ ಹೆಲ್ಸಿಂಕಿಯಲ್ಲಿ ಪುಸ್ತಕರೂಪವಾಗಿ ಪ್ರಕಟವಾಯಿತು. ಓದಿನವರ ಲೆಕ್ಕಕ್ಕೆ ಸೇರದಿದ್ದ ಒಂದು ಹಳ್ಳಿಯ ಹಾಡನ್ನು ಧ್ವನಿಮುದ್ರಣದ ಪೆಟ್ಟಿಗೆಯು ಸಮುದ್ರದಾಚೆಗೆ ಕೊಂಡುಹೋಗಿ ವಿದ್ವಾಂಸರ ಮೇಜಿನ ಮೇಲೆ ಇಟ್ಟಿತು. ಅದೇ ತಾಲೂಕಿನ ಹುಡುಗಿಯು ಸಿರಿಯ ಹೆಸರನ್ನೇ ಕೇಳದೆ ಶಾಲೆ ಮುಗಿಸಿ ಹೋದರೆ ಅದು ಎಂಥ ವಿದ್ಯೆ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಪಾಡ್ದನಗಳಲ್ಲಿ ಕೆಲವು ದೈವಗಳ ಆರಾಧನೆಗೆ ಸೇರಿದವು. ಹಾಡುವವರಿಗೆ ಅವು ಪಾಠದ ಸಾಮಗ್ರಿಯಲ್ಲ. ಅವರ ಒಪ್ಪಿಗೆಯಿಲ್ಲದೆ ಅವನ್ನು ತುಂಬಿಸಿಕೊಂಡು ಬಂದು ತರಗತಿಯಲ್ಲಿ ನುಡಿಸುವುದಾಗಲಿ, ಮೊಬೈಲಿನಿಂದ ಮೊಬೈಲಿಗೆ ಹಂಚುವುದಾಗಲಿ ನಮ್ಮ ಶಾಲೆಯ ಮಕ್ಕಳಿಗೆ ಸಲ್ಲದು. ನೇಜಿ ನೆಡುವಾಗ ಹೇಳುತ್ತಿದ್ದ ಓಬೇಲೆ ಹಾಡುಗಳನ್ನು ಅಜ್ಜಿಯಂದಿರು ತಾವಾಗಿಯೇ ಸಂತೋಷದಿಂದ ಹೇಳಿಕೊಡುವರು. ಗದ್ದೆಗಳು ಅಡಕೆ ತೋಟಗಳಾಗುತ್ತಿರುವ ಈ ಕಾಲದಲ್ಲಿ ಆ ಹಾಡುಗಳಿಗೆ ತರಗತಿಯ ಹೊರತು ಬೇರೆ ಗದ್ದೆಯು ಎಲ್ಲಿದೆ?

ಅನುವಾದ ಯಂತ್ರದ ವಿಷಯವನ್ನೂ ಕೆಲವರು ಎತ್ತಿದ್ದಾರೆ. 2024ರ ಜೂನ್ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಸೇವೆಗೆ ಒಮ್ಮೆಲೇ 110 ಭಾಷೆಗಳನ್ನು ಸೇರಿಸಿದಾಗ ಅವುಗಳಲ್ಲಿ ತುಳುವೂ ಒಂದಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು. ತುಳು ವಿಕಿಪೀಡಿಯವು 2016ರಿಂದಲೇ ಇದೆ. ಇವೆಲ್ಲವೂ ಸಂತೋಷದ ಸಂಗತಿಗಳು. ನಮ್ಮ ಹತ್ತನೆಯ ತರಗತಿಯವರು ಅವನ್ನು ಉಪಯೋಗಿಸಿ ನೋಡಿಯೂ ಇದ್ದಾರೆ. ಆದರೆ ಕನ್ನಡದ 'ನಾವು' ಎಂಬ ಒಂದು ಮಾತಿಗೆ ತುಳುವಿನಲ್ಲಿ ಎರಡುಂಟು. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ಹೇಳಿದರೆ 'ಎಂಕುಲು'. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದು ಎದುರಿಗೆ ನಿಂತವರ ಮುಖ ನೋಡಿ ನಿರ್ಧರಿಸತಕ್ಕದ್ದು. ಮುಖವನ್ನು ಕಾಣದ ಯಂತ್ರವು ಇದನ್ನು ಹೇಗೆ ನಿರ್ಧರಿಸೀತು? (ಈ ಲೇಖನದಲ್ಲಿ ನಾವು ಬರೆಯುವ 'ನಾವು' ಎಂಬುದು ಕೆಲವೆಡೆ 'ಎಂಕುಲು', ಕೆಲವೆಡೆ 'ನಮ', ಓದುವವರು ತಾವೇ ಆರಿಸಿಕೊಳ್ಳಲಿ.) ಆದಕಾರಣ ಯಂತ್ರವು ಕೊಟ್ಟ ಅನುವಾದವನ್ನು ಹಲಗೆಯ ಮೇಲೆ ಹಾಕಿ, ಅದರಲ್ಲಿನ ತಪ್ಪನ್ನು ಹುಡುಕಿರೆಂದು ಮಕ್ಕಳಿಗೆ ಹೇಳುವುದೇ ಅದರ ಅತ್ಯುತ್ತಮ ಉಪಯೋಗ. ತಾವು ಯಂತ್ರಕ್ಕಿಂತ ಹೆಚ್ಚು ಬಲ್ಲೆವೆಂದು ತಿಳಿದಾಗ ಮಕ್ಕಳ ಮುಖವು ಅರಳುವುದನ್ನು ಪೋಷಕರು ಒಮ್ಮೆ ಬಂದು ನೋಡಬೇಕು.

ಇನ್ನು ಮುಖ್ಯವಾದ ಆಕ್ಷೇಪವೊಂದು ಉಳಿಯಿತು. ತುಳುವನ್ನು ತೃತೀಯ ಭಾಷೆಯಾಗಿ ಆರಿಸಿಕೊಂಡರೆ ಹಿಂದಿಯನ್ನು ಬಿಡಬೇಕಾಗುವುದು. ಮುಂದೆ ಮಗಳು ಮುಂಬಯಿಗೋ ದೆಹಲಿಗೋ ಉದ್ಯೋಗಕ್ಕೆ ಹೋದರೆ ಗತಿಯೇನು? ಈ ಭಯವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ನಮ್ಮ ಕಡೆಯ ಎಷ್ಟು ಸಂಸಾರಗಳು ಮುಂಬಯಿಯ ಅನ್ನವನ್ನು ಉಂಡಿಲ್ಲ! ಆದರೆ ಅಲ್ಲಿಗೆ ಹೋದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಹಿಂದಿ ಓದಿ ಹೋದವರಲ್ಲ. ಹೋದಲ್ಲಿ ಬೀದಿಯಿಂದಲೇ ಕಲಿತರು. ಹಿಂದಿಗೆ ಸಿನಿಮಾ ಇದೆ, ದೂರದರ್ಶನವಿದೆ, ಮೊಬೈಲಿನೊಳಗೆ ಹಗಲಿರುಳೂ ಅದರ ಧ್ವನಿಯಿದೆ. ತುಳು ಅಕ್ಷರಸ್ಥರ ಭಾಷೆಯಾಗಿ ಉಳಿಯುವ ಸ್ಥಳಗಳು ಬೆರಳೆಣಿಕೆಯವು, ಶಾಲೆಯು ಅವುಗಳಲ್ಲೊಂದು. ಆದರೂ ಮನೆಯ ಸ್ಥಿತಿಯನ್ನು ಬಲ್ಲವರು ತಾಯಿತಂದೆಗಳೇ. ಹಿಂದಿಯೇ ಬೇಕೆಂದವರ ಮಗಳಿಗೆ ನಾವು ತುಳುವನ್ನು ಬಲವಂತ ಮಾಡುವುದಿಲ್ಲ. ಅಂಥವರಿಗಾಗಿಯೂ ಶನಿವಾರದ ಧ್ವನಿಮುದ್ರಣ ತರಗತಿಯು ತೆರೆದಿರುವುದು, ಅದಕ್ಕೆ ಅಂಕವೂ ಇಲ್ಲ, ಪರೀಕ್ಷೆಯೂ ಇಲ್ಲ.

ಸ್ಪ್ಯಾನಿಷನ್ನು ಕೇಳಿದ ಪೋಷಕರಿಗೆ ನಾವು ಬಾಗಿಲು ಮುಚ್ಚಿದೆವೆಂದು ತಿಳಿಯಬಾರದು. ಆ ನಾಡುಗಳ ಸಂಸ್ಕೃತಿಯನ್ನು ನಿಜವಾಗಿ ತಿಳಿಯಬಯಸುವ ಮಗುವಿಗೆ ಪರಾಗ್ವೇ ದೇಶದ ಸಂಗತಿಯನ್ನು ಮೊದಲು ಹೇಳಿಕೊಡುವೆವು. ಅಲ್ಲಿ ಮೂಲನಿವಾಸಿಗಳ ಗುವಾರನಿ ಭಾಷೆಯನ್ನು ಬಹುಸಂಖ್ಯೆಯ ಜನರು ಇಂದಿಗೂ ಆಡುವರು. 1992ರ ಸಂವಿಧಾನದಿಂದ ಅದು ಸ್ಪ್ಯಾನಿಷಿನ ಸರಿಸಮಾನವಾಗಿ ರಾಜ್ಯಭಾಷೆಯಾಯಿತು. ಮನೆಯ ನುಡಿಯನ್ನು ಬಿಟ್ಟವರಿಗೆ ಮಾತ್ರ ದೊಡ್ಡ ಭಾಷೆಯು ದೊರೆಯುವುದೆಂಬ ನಂಬಿಕೆಯು ಸ್ಪ್ಯಾನಿಷ್ ಆಡುವ ನಾಡಿನಲ್ಲಿಯೇ ಸುಳ್ಳಾಗಿರುವುದು. ಆ ಭಾಷೆಯನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯೊಬ್ಬಳು ಪರದೇಶದಿಂದ ವಾರಕ್ಕೊಮ್ಮೆ ಹಲಗೆಯ ಮೇಲೆ ಮುಖ ತೋರಿಸಿ, ಮಕ್ಕಳ ಹೆಸರು ಹಿಡಿದು ಕೇಳಿ, ಅವರ ತಪ್ಪನ್ನು ತಿದ್ದಲು ಸಿದ್ಧಳಾದರೆ, ಒಂಭತ್ತನೆಯ ತರಗತಿಯವರಿಗೆ ಸಂಜೆಯ ಒಂದು ಗಂಟೆಯನ್ನು ಈ ವರ್ಷವೇ ಕೊಡಲು ನಾವು ಸಿದ್ಧರು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬೇಡಿಕೆಯು ಇಷ್ಟೇ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗಲೂ ನಡೆಯುವ ಎರಡು ಧ್ವನಿಮುದ್ರಣ ಯಂತ್ರಗಳೂ, ಕಿವಿಗೆ ಹಾಕುವ ಹತ್ತು ಉಪಕರಣಗಳೂ ಶಾಲೆಗೆ ಬೇಕಾಗಿವೆ. ಇನ್ನೊಂದು ಬೇಡಿಕೆಗೆ ಹಣ ಬೇಡ. ತಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ತುಳು ಬಲ್ಲ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು, ಹೆಸರನ್ನೂ ಊರನ್ನೂ ನಮ್ಮ ತುಳು ಉಪಾಧ್ಯಾಯಿನಿಗೆ ಬರೆದು ತಿಳಿಸಿರಿ. ಎಂಟನೆಯ ತರಗತಿಯ ಬಾಲಿಕೆಯರು ದಸರಾ ರಜೆಯಲ್ಲಿ ಇಬ್ಬಿಬ್ಬರಾಗಿ, ಒಬ್ಬ ಉಪಾಧ್ಯಾಯಿನಿಯೊಡನೆ, ತಮ್ಮ ಮನೆಗೆ ಬರುವರು. ಅವರಿಗೆ ಚಾ ಕೊಡದಿದ್ದರೂ ಚಿಂತೆಯಿಲ್ಲ; ಅವರೊಡನೆ ಕನ್ನಡ ಮಾತ್ರ ಆಡಬೇಡಿರೆಂದು ಅಜ್ಜಿಗೆ ಮೊದಲೇ ಹೇಳಿಡಿರಿ.