ಹೆಣ್ಣುಮಕ್ಕಳ ಆಟಕ್ಕೆ ಕೆಂಪು ಕಾರ್ಡೇಕೆ?

ಕಳೆದ ಭಾನುವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೀಣ್ಯದ ನಮ್ಮ ಮನೆಗೆ ಬಂದಿದ್ದಳು. ಆಕೆಯೀಗ ಮಹಿಳೆಯರ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ. "ಸಾರ್, ಬೆಂಚಿನಿಂದ ಕೂಗಾಡಿದ ಕೋಚ್‌ಗೆ ಹಳದಿ ಕಾರ್ಡ್ ತೋರಿಸಿದೆ. 'ಹೆಣ್ಣುಮಕ್ಕಳ ಆಟಕ್ಕೆ ಇಷ್ಟು ಬಿಗಿ ಏಕಮ್ಮಾ' ಅಂದರು. ನನ್ನದು ತಪ್ಪೇ?" ಎಂದು ಕೇಳಿದಳು. ತಪ್ಪಲ್ಲವೆಂದೆ. ಕಾರಣವನ್ನು ಪೂರ್ತಿಯಾಗಿ ಹೇಳಲು ಬಾಯಿ ಬರಲಿಲ್ಲ, ಅದನ್ನಿಲ್ಲಿ ಬರೆಯುತ್ತಿದ್ದೇನೆ.

1998ರ ಮಾತು. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ, ಹುಡುಗಿಯರ ಸೌಹಾರ್ದ ಪಂದ್ಯವೊಂದರ ಸೀಟಿ ವ್ಯಾಕರಣ ಪಾಠ ಹೇಳುತ್ತಿದ್ದ ನನ್ನ ಕೊರಳಿಗೆ ಬಿತ್ತು. ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಧೂಳಿನ ಮೈದಾನ. ಎದುರು ತಂಡದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ನಮ್ಮ ಹುಡುಗಿಯೊಬ್ಬಳ ಮೈಬಣ್ಣವನ್ನೂ ಓಟವನ್ನೂ ಆಡಿಕೊಳ್ಳತೊಡಗಿದರು. ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಹಿರಿಯರು, ಅತಿಥಿಗಳು ಎಂದು ಸುಮ್ಮನಾದೆ. ದ್ವಿತೀಯಾರ್ಧದಲ್ಲಿ ಆ ಹುಡುಗಿ ಎದುರಾಳಿಯ ಕಾಲಿಗೆ ಹಿಂದಿನಿಂದ ಒದ್ದಳು. ಎಲ್ಲರೆದುರು ಗದರಿಸಿ ಅವಳನ್ನು ಹೊರಗೆ ಕಳುಹಿಸಿದೆ. ಬೆಂಚಿಗೆ ಒಂದು ಮಾತೂ ಇಲ್ಲ! ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ.

ಆಟಗಾರರಿಗೆ ಕಾರ್ಡ್ ತೋರಿಸುವ ಪದ್ಧತಿ 1970ರ ಮೆಕ್ಸಿಕೋ ವಿಶ್ವಕಪ್ಪಿನಿಂದ ಬಂದಿತು. ತರಬೇತುದಾರರಿಗೂ ಕಾರ್ಡ್ ತೋರಿಸುವುದು ನಿಯಮವಾದದ್ದು 2019ರಲ್ಲಿ. ಹೀನಾಯವಾಗಿ ಬೈದವರು ಆಟಗಾರ್ತಿಯಾದರೂ ಸರಿ, ಬೆಂಚಿನವರಾದರೂ ಸರಿ, ಕೆಂಪು ಕಾರ್ಡೇ. ಬೆಂಚಿನಲ್ಲಿ ಯಾರು ತಪ್ಪು ಮಾಡಿದರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಶಿಕ್ಷೆ. (ಹಿಂದಿನ ಬೆಂಚಿನಿಂದ ಶಿಳ್ಳೆ ಕೇಳಿಬಂದಾಗ ನಾನು ಮಾನಿಟರನನ್ನು ನಿಲ್ಲಿಸುತ್ತಿದ್ದುದು ನಿಮಗೆ ನೆನಪಿರಬಹುದು!)

2023ರ ಮಾರ್ಚ್ 3ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ, ಸುನಿಲ್ ಛೆಟ್ರಿಯವರ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನೇ ಹೊರಗೆ ಕರೆದೊಯ್ದರು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅದು ಗಂಡಸರ ಆಟ. 2019ರ ಮಹಿಳಾ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಕ್ಯಾಮರೂನ್ ಆಟಗಾರ್ತಿಯರು, ವೀಡಿಯೋ ತೀರ್ಪುಗಳ ವಿರುದ್ಧ ಸಿಡಿದೆದ್ದು ಆಟ ಮುಂದುವರಿಸಲು ಹಿಂಜರಿದರು. ರೆಫರಿ ಚೀನಾದ ಚಿನ್ ಲಿಯಾಂಗ್ ತಾಳ್ಮೆ ವಹಿಸಿದರು, ಪಂದ್ಯವೂ ಮುಗಿಯಿತು. ಆದರೆ ಕೊನೆಯಲ್ಲಿ ಇಂಗ್ಲೆಂಡ್ ನಾಯಕಿ ಸ್ಟೆಫ್ ಹೌಟನ್‌ರ ಕಾಲಿಗೆ ಬಿದ್ದ ಒದೆತಕ್ಕೆ ಸಿಕ್ಕಿದ್ದು ಹಳದಿ ಕಾರ್ಡ್ ಮಾತ್ರ. ಆ ತಾಳ್ಮೆಯ ಬೆಲೆಯನ್ನು ತೆತ್ತವಳು ಆಟಗಾರ್ತಿ. ರಿಯಾಯಿತಿಯೆಂದರೆ ಗೌರವವಲ್ಲ. 'ಇದು ನಿಜವಾದ ಆಟವಲ್ಲ, ಬಿಡಿ' ಎಂಬ ತಾತ್ಸಾರವೇ ಅದರೊಳಗಿದೆ. ಮೊದಲ ಹತ್ತು ನಿಮಿಷಗಳಲ್ಲಿ ಬೆಂಚಿನತ್ತ ನಡೆದುಹೋಗಿ ಒಂದು ಗಟ್ಟಿಮಾತು ಹೇಳಿದರೆ ಎಷ್ಟೋ ಕಾರ್ಡುಗಳು ಜೇಬಿನಲ್ಲೇ ಉಳಿಯುತ್ತವೆ. ನಾನು ಅಂದು ಆ ಇಪ್ಪತ್ತು ಹೆಜ್ಜೆ ನಡೆಯಲಿಲ್ಲ.

ಆ ಹುಡುಗಿಯ ಹೆಸರನ್ನು ಬರೆಯಲಾರೆ. ಆ ತಂಡದಲ್ಲಿ ಆಡಿದವರು ನಿಮ್ಮಲ್ಲಿಯೇ ಕೆಲವರಿದ್ದೀರಿ. ಅವಳೀಗ ಎಲ್ಲಿರುವಳೆಂದು ಬಲ್ಲವರು, ಮೇಷ್ಟ್ರು ಮಾತನಾಡಬೇಕೆಂದಿದ್ದಾರೆ ಎಂದು ಅವಳಿಗೆ ತಿಳಿಸಿರಿ.